ದಾರ್ಶನಿಕನು ಕಟ್ಟಿದ ದಂಡು

ಸೈನ್ಯವೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವವನು ಗಡಿಯಲ್ಲಿ ನಿಂತ ಯೋಧ. ವರ್ಷದ ಬಹುಭಾಗ ಅಂಗಡಿಯಲ್ಲೋ ಕಚೇರಿಯಲ್ಲೋ ಹೊಲದಲ್ಲೋ ದುಡಿದು, ಕೆಲವೇ ದಿನ ಸಮವಸ್ತ್ರ ತೊಟ್ಟು ಕವಾಯತು ಕಲಿತು, ಕರೆ ಬಂದಾಗ ಕೋವಿ ಹಿಡಿದು ಹೊರಡುವ ಮೀಸಲು ಸಿಪಾಯಿ ಹಾಗೆ ಕಣ್ಣಿಗೆ ಕಟ್ಟುವುದಿಲ್ಲ. ನಮ್ಮ ನಾಡಿನ ವೀರಗಲ್ಲುಗಳನ್ನು ಓದಿದವರಿಗೆ ಆತನು ತೀರ ಅಪರಿಚಿತನೇನೂ ಅಲ್ಲ. ತುರುಗೊಳ್ ಎಂದೂ ಊರಳಿವು ಎಂದೂ ಶಾಸನಗಳು ಹೇಳುವ ಕದನಗಳಲ್ಲಿ ಮಡಿದವರೆಲ್ಲರೂ ಅರಸನ ಸಂಬಳ ಉಂಡ ಭಟರಲ್ಲ. ತಮ್ಮ ಊರಿನ ದನಕ್ಕಾಗಿ, ತಮ್ಮ ಕೇರಿಯ ಮಾನಕ್ಕಾಗಿ ಎದ್ದು ನಿಂತ ಒಕ್ಕಲುಮಕ್ಕಳೂ ಅವರಲ್ಲಿ ಇದ್ದರು. ಆದರೆ ಕಲ್ಲು ನಿಲ್ಲಿಸುವುದು ಸತ್ತ ಮೇಲೆ. ಬದುಕಿರುವಾಗ, ಅದರಲ್ಲಿಯೂ ಶಾಂತಿಯ ಕಾಲದಲ್ಲಿ, ಇಂಥವನ ಕಡೆಗೆ ಜನದ ಗಮನವನ್ನು ತಿರುಗಿಸುವುದು ಬಲು ಕಷ್ಟದ ಕೆಲಸ. ಆ ಕೆಲಸವನ್ನು ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಬ್ರಿಟನ್ನಿನಲ್ಲಿ ಕೈಗೊಂಡವನು ದಂಡನಾಯಕನಲ್ಲ, ಒಬ್ಬ ದಾರ್ಶನಿಕ. ಆತನ ಹೆಸರು ರಿಚರ್ಡ್ ಬರ್ಡನ್ ಹಾಲ್ಡೇನ್.

ಹಾಲ್ಡೇನ್ ಎಂಬ ಹೆಸರನ್ನು ಕೇಳಿದೊಡನೆ ನಮ್ಮವರು ನೆನೆಯುವುದು 1957ರಲ್ಲಿ ಭಾರತಕ್ಕೆ ಬಂದು ನೆಲೆಸಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ ಜೀವವಿಜ್ಞಾನಿ ಜೆ. ಬಿ. ಎಸ್. ಹಾಲ್ಡೇನರನ್ನು. ನಾನು ಹೇಳಹೊರಟಿರುವುದು ಅವರ ದೊಡ್ಡಪ್ಪನ ಕಥೆ.

ಆತನು ಹುಟ್ಟಿದ್ದು 1856ರ ಜುಲೈ 30ರಂದು, ಸ್ಕಾಟ್ಲೆಂಡಿನ ಎಡಿನ್ಬರೋ ನಗರದಲ್ಲಿ. ತಂದೆ ರಾಬರ್ಟ್ ಹಾಲ್ಡೇನ್ ವಕೀಲ, ತಾಯಿ ಮೇರಿ. ಪರ್ತ್‌ಷೈರಿನ ಕ್ಲೋನ್ ಎಂಬಲ್ಲಿ ಅವರ ಮನೆಯಿತ್ತು. ಮನೆತನದವರು ಕಟ್ಟುನಿಟ್ಟಿನ ಕ್ರೈಸ್ತ ಶ್ರದ್ಧೆಯವರು. ಹುಡುಗನಿಗೆ ಮಾತ್ರ ಹದಿನೇಳರ ಹೊತ್ತಿಗೇ ಶ್ರದ್ಧೆ ಅಲುಗಾಡತೊಡಗಿತು. 1874ರಲ್ಲಿ ಅವನನ್ನು ಜರ್ಮನಿಯ ಗಟಿಂಗೆನ್ ವಿಶ್ವವಿದ್ಯಾನಿಲಯಕ್ಕೆ ಕಳುಹಿಸಿದರು. ಅಲ್ಲಿ ಹೆರ್ಮಾನ್ ಲೋಟ್ಸೆ ಎಂಬ ತತ್ತ್ವಜ್ಞಾನಿಯ ಪಾಠ ಕೇಳಿ ಹುಡುಗನ ಮನಸ್ಸು ನೆಲೆ ಕಂಡಿತು. ಆ ಗುರುವಿನ ಋಣವನ್ನು ಆತನು ಬದುಕಿನುದ್ದಕ್ಕೂ ನೆನೆದನು. ಹಾಗೆ ನೆನೆದದ್ದೇ ಮುಂದೆ ಆತನಿಗೆ ಮುಳುವಾಯಿತು.

ಊರಿಗೆ ಹಿಂದಿರುಗಿದ ಮೇಲೆ ನಡೆದ ಒಂದು ಪ್ರಸಂಗ ಆತನ ಸ್ವಭಾವಕ್ಕೆ ಕನ್ನಡಿಯಂತಿದೆ. ತಂದೆತಾಯಿಯರು ಮಗನು ದೀಕ್ಷಾಸ್ನಾನ ಪಡೆಯಲೇಬೇಕೆಂದು ಹಟ ಹಿಡಿದರು. ಅವರ ಮನಸ್ಸನ್ನು ನೋಯಿಸಲಾರದೆ ಮಗನು ಒಪ್ಪಿದನು. ನೀರಿನಲ್ಲಿ ಮುಳುಗಿ ಎದ್ದನು. ಎದ್ದವನೇ ಮೈಯಿಂದ ನೀರು ಇಳಿಯುತ್ತಿದ್ದಂತೆಯೇ, ಅಲ್ಲಿ ನೆರೆದಿದ್ದ ಹಿರಿಯರ ಎದುರಿಗೆ, ಈ ತತ್ತ್ವವನ್ನು ತಾನು ಒಪ್ಪಿಲ್ಲವೆಂದು ಸ್ಪಷ್ಟವಾಗಿ ಸಾರಿ ಬಟ್ಟೆ ಬದಲಾಯಿಸಲು ಹೊರಟುಹೋದನು. ಅನ್ಯರಿಗಾಗಿ ಎಷ್ಟು ದೂರ ಬೇಕಾದರೂ ಹೋಗುವುದು, ಆದರೆ ತನಗೆ ಕಂಡ ಸತ್ಯವನ್ನು ಬಿಡದಿರುವುದು: ಈ ಎರಡೂ ಆತನಲ್ಲಿ ಕೊನೆಯವರೆಗೆ ಒಟ್ಟಿಗೆ ಇದ್ದುವು.

ಮುಂದಿನ ಮೂವತ್ತು ವರ್ಷಗಳನ್ನು ಬೇಗನೆ ದಾಟೋಣ. 1879ರಲ್ಲಿ ಲಂಡನ್ನಿನಲ್ಲಿ ಬ್ಯಾರಿಸ್ಟರಾದನು. 1885ರಲ್ಲಿ ಲಿಬರಲ್ ಪಕ್ಷದಿಂದ ಪಾರ್ಲಿಮೆಂಟನ್ನು ಸೇರಿದನು. ಷೋಪೆನ್‌ಹೌಯರನ ಮಹಾಗ್ರಂಥವನ್ನು ಗೆಳೆಯನೊಬ್ಬನ ಜೊತೆಗೂಡಿ ಮೂರು ಸಂಪುಟಗಳಲ್ಲಿ ಇಂಗ್ಲಿಷಿಗೆ ತಂದನು. 1890ರಲ್ಲಿ ವಿವಾಹ ನಿಶ್ಚಯವಾಯಿತು. ಕೆಲವೇ ವಾರಗಳಲ್ಲಿ ಕನ್ಯೆಯು ಮನಸ್ಸು ಬದಲಿಸಿದಳು. ಆತನು ಬಹಳ ನೊಂದನು. ಮತ್ತೆ ಮದುವೆಯ ಮಾತೆತ್ತಲಿಲ್ಲ. ತಾಯಿಗೆ ಮಾತ್ರ ಎಷ್ಟೇ ಕೆಲಸವಿರಲಿ ಹೆಚ್ಚುಕಡಮೆ ಪ್ರತಿದಿನವೂ ಒಂದು ಕಾಗದ ಬರೆಯುತ್ತಿದ್ದನು.

1905ರ ಡಿಸೆಂಬರಿನಲ್ಲಿ ಕ್ಯಾಂಪ್‌ಬೆಲ್ ಬ್ಯಾನರ್‌ಮನ್ ಪ್ರಧಾನಿಯಾದಾಗ ಹಾಲ್ಡೇನನ ಪಾಲಿಗೆ ಯುದ್ಧಖಾತೆ ಬಂತು. ರಾಜಕಾರಣಿಗಳ ಕೀರ್ತಿಯನ್ನು ಹೂಳುವ ಸ್ಮಶಾನವೆಂದು ಆ ಖಾತೆಗೆ ಹೆಸರಿತ್ತು. ಪ್ರಧಾನಿಗೆ ಈ ತತ್ತ್ವಜ್ಞಾನಿಯ ವಿಷಯದಲ್ಲಿ ಹೆಚ್ಚಿನ ಅಕ್ಕರೆ ಇರಲಿಲ್ಲ. ಷೋಪೆನ್‌ಹೌಯರ್ ಎಂದೇ ಅಡ್ಡಹೆಸರಿಟ್ಟು ನಗುತ್ತಿದ್ದನು. ಸ್ಥೂಲದೇಹ, ಕೀರಲು ದನಿ, ಮುಗಿಯದ ಭಾಷಣ: ಮೇಲುನೋಟಕ್ಕೆ ಹಾಲ್ಡೇನನಲ್ಲಿ ಸೇನೆಗೆ ಸಂಬಂಧಪಟ್ಟದ್ದು ಏನೂ ಇರಲಿಲ್ಲ. ನಮ್ಮ ಪಂಪನು ಕವಿಯೂ ಹೌದು, ಕಲಿಯೂ ಹೌದು. ಹಾಲ್ಡೇನನು ಕತ್ತಿ ಹಿಡಿದವನಲ್ಲ. ಎಂಥ ಸೈನ್ಯವನ್ನು ಕಟ್ಟುವ ಮನಸ್ಸಿದೆಯೆಂದು ಸೇನಾಪತಿಗಳು ಕೇಳಿದಾಗ ಆತನು ಹೆಗೆಲನ ತತ್ತ್ವಕ್ಕೆ ಒಪ್ಪುವ ಸೈನ್ಯ ಎಂದನಂತೆ. ಅಲ್ಲಿಗೆ ಮಾತು ನಿಂತಿತು.

ಅದು ಬರಿಯ ವಿನೋದವಲ್ಲ ಎಂದೇ ನನ್ನ ಎಣಿಕೆ. ರಾಜ್ಯವೆಂಬುದು ಪ್ರಜೆಯ ಹೊರಗೆ ನಿಂತು ಅವನನ್ನು ಆಳುವ ವಸ್ತುವಲ್ಲ, ಅವನ ಇಚ್ಛೆಯೇ ರೂಪ ತಾಳಿ ನಿಂತದ್ದು ಎಂದು ಹೆಗೆಲನನ್ನು ಓದಿ ನಂಬಿದವನು ಹಾಲ್ಡೇನ್. ಹಾಗಾದರೆ ರಾಜ್ಯದ ರಕ್ಷಣೆಯೂ ಪ್ರಜೆಯ ಹೊರಗಿನ ಕೆಲಸವಾಗಲಾರದು. ಸಂಬಳದ ಸಿಪಾಯಿಗೆ ಅದನ್ನು ಒಪ್ಪಿಸಿ ಉಳಿದವರು ನಿದ್ದೆ ಹೋಗುವಂತಿಲ್ಲ. ಆದರೆ ಇಚ್ಛೆಯ ಮಾತು ಬಂದಲ್ಲಿ ಬಲಾತ್ಕಾರಕ್ಕೆ ಎಡೆಯಿಲ್ಲ. ಪ್ರಜೆಯನ್ನು ಒಲಿಸಬೇಕು, ತಿಳಿಸಬೇಕು, ಎಳೆದು ತರಬಾರದು.

1899ರಿಂದ 1902ರವರೆಗೆ ನಡೆದ ಬೋಯರ್ ಯುದ್ಧವು ಬ್ರಿಟನ್ನಿನ ಸೇನೆಯ ದೌರ್ಬಲ್ಯವನ್ನು ಬಯಲಿಗೆಳೆದಿತ್ತು. ಖಾಯಂ ಸೈನ್ಯವೆಲ್ಲ ದಕ್ಷಿಣ ಆಫ್ರಿಕಕ್ಕೆ ಹೋದಾಗ ಮನೆಯ ಬಾಗಿಲು ಕಾಯಲು ನೆಚ್ಚಿಗೆಯ ಪಡೆ ಇರಲಿಲ್ಲ. ಇದ್ದುವು ಮೂರು ಬಗೆಯ ಹಳೆಯ ಪಡೆಗಳು: ಮಿಲಿಷಿಯ, ಯೋಮನ್ರಿ ಎಂಬ ಕುದುರೆಪಡೆ, ವಾಲಂಟಿಯರುಗಳು. ಒಂದೊಂದಕ್ಕೂ ಒಂದೊಂದು ಕಟ್ಟಳೆ, ಒಂದೊಂದು ಹೆಮ್ಮೆ. ಯುದ್ಧ ಬಂದರೆ ಇವೆಲ್ಲ ಕೂಡಿ ಒಂದು ಸೈನ್ಯವಾಗುವ ಮಾರ್ಗವೇ ಇರಲಿಲ್ಲ. ಫಿರಂಗಿ ಯಾರದು, ಆಸ್ಪತ್ರೆ ಎಲ್ಲಿ, ರೊಟ್ಟಿ ಹೊರುವ ಗಾಡಿ ಯಾವುದು ಎಂದು ಕೇಳಿದರೆ ಉತ್ತರವಿರಲಿಲ್ಲ. ಇತ್ತ ಲಿಬರಲ್ ಪಕ್ಷದವರಿಗೆ ಖರ್ಚು ಇಳಿಯಬೇಕು; ಸೈನ್ಯದ ವಾರ್ಷಿಕ ವೆಚ್ಚ 2 ಕೋಟಿ 80 ಲಕ್ಷ ಪೌಂಡುಗಳನ್ನು ಮೀರಕೂಡದೆಂದು ಹಾಲ್ಡೇನನೇ ಗೆರೆ ಎಳೆದುಕೊಂಡನು.

ಕರ್ನಲ್ ಎಲಿಸನ್ ಎಂಬ ಸಮರ್ಥ ಕಾರ್ಯದರ್ಶಿ ಜೊತೆಗಿದ್ದನು. ಭಾರತದಿಂದ ಡಗ್ಲಸ್ ಹೇಗನನ್ನು 1906ರಲ್ಲಿ ಕರೆಸಿಕೊಂಡನು. ಇವರಿಂದ ಕಲಿಯುತ್ತ, ಇವರಿಗೆ ಕಲಿಸುತ್ತ, ಎರಡು ಸಾಲಿನ ಸೈನ್ಯವೊಂದನ್ನು ರೂಪಿಸಿದನು. ಮೊದಲ ಸಾಲಿನಲ್ಲಿ, ಕರೆದೊಡನೆ ಸಮುದ್ರ ದಾಟಬಲ್ಲ ಆರು ಕಾಲ್ದಳದ ಡಿವಿಜನ್ನುಗಳು, ಒಂದು ಕುದುರೆಯ ಡಿವಿಜನ್. ಎರಡನೆಯ ಸಾಲಿನಲ್ಲಿ, ಯೋಮನ್ರಿಯನ್ನೂ ವಾಲಂಟಿಯರುಗಳನ್ನೂ ಬೆಸೆದು ಮಾಡಿದ ಟೆರಿಟೋರಿಯಲ್ ಪಡೆ: ಹದಿನಾಲ್ಕು ಡಿವಿಜನ್ನುಗಳು, ಹದಿನಾಲ್ಕು ಕುದುರೆಪಡೆಯ ಬ್ರಿಗೇಡುಗಳು, ಒಟ್ಟು ಮೂರು ಲಕ್ಷಕ್ಕೆ ಮೀರಿದ ಜನ, ಅವರದೇ ಫಿರಂಗಿ, ಅವರದೇ ವೈದ್ಯರು, ಅವರದೇ ಗಾಡಿ. ಸೇರಿದವನು ನಾಲ್ಕು ವರ್ಷದ ಕರಾರಿಗೆ ಸಹಿ ಹಾಕಬೇಕು. ಸಂಜೆಯ ಕವಾಯತು, ಬೇಸಿಗೆಯಲ್ಲಿ ಎರಡು ವಾರದ ಶಿಬಿರ. ಯುದ್ಧ ಬಂದರೆ ಸ್ವದೇಶದ ರಕ್ಷಣೆ. ವಿದೇಶಕ್ಕೆ ಹೋಗುವುದು ಅವನ ಇಷ್ಟಕ್ಕೆ ಬಿಟ್ಟದ್ದು. ಇದಕ್ಕೆ ಬೇಕಾದ ಕಾನೂನು 1907ರ ಆಗಸ್ಟಿನಲ್ಲಿ ಅಂಗೀಕಾರವಾಗಿ, 1908ರ ಏಪ್ರಿಲ್ 1ರಿಂದ ಜಾರಿಗೆ ಬಂತು.

ಕಾನೂನು ಆಗುವುದಕ್ಕೆ ಮುಂಚೆ ಆತನು ಎಷ್ಟು ಕಡೆ ಬಗ್ಗಬೇಕಾಯಿತೆಂಬುದನ್ನು ಹೇಳಿದರೆ ಅದೇ ಒಂದು ಪುರಾಣವಾದೀತು. ಮಿಲಿಷಿಯದ ಕರ್ನಲುಗಳು ಬೆರೆಯಲು ಒಪ್ಪಲಿಲ್ಲ. ಆ ಪಡೆಯನ್ನು ವಿಶೇಷ ಮೀಸಲು ಪಡೆಯೆಂದು ಬೇರೆಯಾಗಿಯೇ ಇಡಬೇಕಾಯಿತು. ತನ್ನ ಪಕ್ಷದಲ್ಲಿಯೇ ಯುದ್ಧವೆಂದರೆ ಬೆಚ್ಚುವವರಿದ್ದರು. ಹಾಲ್ಡೇನನು ಮೂರು ಗಂಟೆಗೂ ಮೀರಿ ನಿಂತು ಪಾರ್ಲಿಮೆಂಟಿಗೆ ವಿವರಿಸಿದ್ದುಂಟು. ಕೇಳಿದವರು ಆಕಳಿಸಿದರೂ ಕೊನೆಗೆ ಒಪ್ಪಿದರು.

ಆತನ ಬುದ್ಧಿ ನಿಜವಾಗಿ ಹೊಳೆದದ್ದು ಡಿವಿಜನ್ನುಗಳ ಲೆಕ್ಕದಲ್ಲಿ ಅಲ್ಲ, ಕೌಂಟಿ ಸಂಘಗಳ ಏರ್ಪಾಟಿನಲ್ಲಿ. ಸೈನಿಕರನ್ನು ಯುದ್ಧಕ್ಕೆ ಅಣಿಮಾಡುವುದು ಯುದ್ಧಖಾತೆಯ ಕೆಲಸ. ಆದರೆ ಅವರನ್ನು ಸೇರಿಸುವುದು, ಅವರಿಗೆ ಉಡುಪು ಕೊಡಿಸುವುದು, ಕವಾಯತಿನ ಮನೆ ಕಟ್ಟಿಸುವುದು, ಗುಂಡು ಹೊಡೆಯುವ ಬಯಲು ಹುಡುಕುವುದು, ಇವೆಲ್ಲ ಆಯಾ ಕೌಂಟಿಯ ಸಂಘದ ಕೆಲಸ. ಸಂಘದಲ್ಲಿ ಸೇನೆಯ ಅಧಿಕಾರಿಗಳಷ್ಟೇ ಅಲ್ಲ, ಜಮೀನುದಾರರು, ಕಾರ್ಖಾನೆಯ ಮಾಲಿಕರು, ಕಾರ್ಮಿಕರ ಕಡೆಯವರು, ಪುರಸಭೆಯ ಸದಸ್ಯರು ಇರತಕ್ಕದ್ದು. ರಾಜನ ಪ್ರತಿನಿಧಿಯಾದ ಲಾರ್ಡ್ ಲೆಫ್ಟಿನೆಂಟನು ಅಧ್ಯಕ್ಷ. 1907ರ ಅಕ್ಟೋಬರಿನಲ್ಲಿ ಏಳನೆಯ ಎಡ್ವರ್ಡ್ ದೊರೆಯೇ ಈ ಲೆಫ್ಟಿನೆಂಟರನ್ನೆಲ್ಲ ಅರಮನೆಗೆ ಕರೆಸಿ ಹೊಣೆ ಒಪ್ಪಿಸುವಂತೆ ಹಾಲ್ಡೇನನು ಏರ್ಪಾಟು ಮಾಡಿದನು. ಊರಿನ ಪಡೆಯನ್ನು ಊರೇ ಸಾಕಬೇಕು, ಊರೇ ಬಲ್ಲವಳಾಗಬೇಕು ಎಂಬುದು ಇದರ ತಿರುಳು. ಅಕ್ಕಸಾಲೆಯ ಮಗನೂ ಬ್ಯಾಂಕಿನ ಗುಮಾಸ್ತನೂ ಸಂಜೆ ಒಂದೇ ಸಾಲಿನಲ್ಲಿ ನಿಂತು ಕವಾಯತು ಮಾಡುವುದನ್ನು ಕಣ್ಣಾರೆ ಕಂಡ ಊರು ಅವರನ್ನು ಮರೆಯಲಾರದು.

ಆದರೂ ಜನ ಸುಲಭವಾಗಿ ಒಲಿಯಲಿಲ್ಲ. ಹಾಲ್ಡೇನನು ಊರೂರು ತಿರುಗಿ ಮಾತಾಡಿದನು. ಎರಡು ವಾರ ಆಳನ್ನು ಬಿಟ್ಟುಕೊಡಲು ಒಪ್ಪದ ಮಾಲಿಕರನ್ನು ಓಲೈಸಿದನು. ಎಷ್ಟೋ ಮಂದಿ ದುಡಿಯುವವರು ವರ್ಷಕ್ಕೆ ಸಿಗುವ ತಮ್ಮ ಒಂದೇ ರಜೆಯನ್ನು ಶಿಬಿರದ ಕೆಸರಿನಲ್ಲಿ ಕಳೆದರು. 1909ರ ಜನವರಿಯಲ್ಲಿ ಒಂದು ನಾಟಕ ನೆರವಿಗೆ ಬಂತು. ಗೈ ಡು ಮಾರಿಯೆ ಎಂಬ ಸೈನ್ಯಾಧಿಕಾರಿ ಬರೆದಿದ್ದ ಅದರ ವಸ್ತು ಸರಳವಾದದ್ದು: ಆಟಪಾಟಗಳಲ್ಲಿ ಮುಳುಗಿದ ಒಂದು ಮಧ್ಯಮವರ್ಗದ ಸಂಸಾರ, ಅವರ ಮನೆಯೊಳಗೇ ನುಗ್ಗುವ ಶತ್ರುಸೈನ್ಯ, ಕೋವಿ ಹಿಡಿಯಲು ಬಾರದ ಯಜಮಾನ. ಕರ್ತೃವಿನ ಹೆಸರಿಲ್ಲದೆ ಲಂಡನ್ನಿನಲ್ಲಿ ರಂಗವೇರಿದ ಆ ನಾಟಕಕ್ಕೆ ಜನ ಮುಗಿಬಿದ್ದರು. ನೋಡಿ ಬಂದ ಯುವಕರು ಟೆರಿಟೋರಿಯಲ್ ಪಡೆಗೆ ಹೆಸರು ಕೊಟ್ಟರು. ಮೂರು ಗಂಟೆಯ ಭಾಷಣಕ್ಕೆ ಅಲುಗದ ಮನಸ್ಸನ್ನು ಮೂರಂಕದ ನಾಟಕ ಅಲುಗಿಸಿತೆಂದು ಕೇಳಿ ಸಾಹಿತ್ಯದ ಮೇಷ್ಟರಾದ ನನಗೆ ಸಂತೋಷವಾಗುವುದು ಸಹಜವೇ. ಆದರೆ ಆ ಕಾವು ಬಹುಕಾಲ ನಿಲ್ಲಲಿಲ್ಲ. 1909ರಲ್ಲಿ ಎರಡು ಲಕ್ಷ ಎಪ್ಪತ್ತು ಸಾವಿರದ ಹತ್ತಿರ ಏರಿದ್ದ ಸಂಖ್ಯೆ ಮುಂದಿನ ವರ್ಷಗಳಲ್ಲಿ ಇಳಿಯುತ್ತ ಬಂತು. ನಾಟಕ ಬರೆದ ಡು ಮಾರಿಯೆ 1915ರಲ್ಲಿ ರಣರಂಗದಲ್ಲಿ ಮಡಿದನು.

ಈ ಕೊರತೆಯನ್ನೇ ಹಿಡಿದು ಟೀಕಿಸಿದವನು ಲಾರ್ಡ್ ರಾಬರ್ಟ್ಸ್. ಕಾನ್‌ಪುರದಲ್ಲಿ ಹುಟ್ಟಿ, ಭಾರತದ ಸೈನ್ಯದ ದಂಡನಾಯಕನಾಗಿದ್ದು, ಬೋಯರ್ ಯುದ್ಧದಲ್ಲಿ ಮಗನನ್ನು ಕಳೆದುಕೊಂಡಿದ್ದ ಮುದಿಸೇನಾನಿ ಆತ. ಪ್ರತಿಯೊಬ್ಬ ಯುವಕನಿಗೂ ಸೈನ್ಯಶಿಕ್ಷಣ ಕಡ್ಡಾಯವಾಗಬೇಕೆಂಬುದು ಆತನ ವಾದ. ಆತನ ಮಾತಿನಲ್ಲಿ ಸತ್ಯವಿರಲಿಲ್ಲವೆನ್ನಲಾರೆ. ಹಾಲ್ಡೇನನ ಪಡೆ ಯುದ್ಧಕ್ಕೆ ಮುಂಚೆ ಒಮ್ಮೆಯೂ ಪೂರ್ಣಸಂಖ್ಯೆಯನ್ನು ಮುಟ್ಟಲಿಲ್ಲ, ಮತ್ತು 1916ರಲ್ಲಿ ಬ್ರಿಟನ್ ಕಡ್ಡಾಯಕ್ಕೆ ಶರಣಾಗಲೇಬೇಕಾಯಿತು. ಆದರೆ ಶಾಂತಿಕಾಲದಲ್ಲಿ ಕಡ್ಡಾಯವನ್ನು ಹೇರಿದ್ದರೆ ಆ ದೇಶ ಒಡೆದು ಎರಡಾಗುತ್ತಿತ್ತೆಂಬ ಹಾಲ್ಡೇನನ ಅಂದಾಜನ್ನು ಅಲ್ಲಗಳೆಯುವುದೂ ಕಷ್ಟ. ಒಲಿದು ಬಂದ ಎರಡೂವರೆ ಲಕ್ಷವನ್ನು ಆತನು ಕಡಮೆಯೆಂದು ಎಣಿಸಲಿಲ್ಲ.

ಈ ಏರ್ಪಾಟಿನ ಇನ್ನೆರಡು ಕವಲುಗಳನ್ನು ಇಲ್ಲಿ ಹೇಳಬೇಕು. ಟೆರಿಟೋರಿಯಲ್ ಪಡೆಗೆಂದೇ 1908ರಲ್ಲಿ ದಾದಿಯರ ದಳವೊಂದು ಹುಟ್ಟಿತು. ಅದರ ಹಿಂದೆ ದುಡಿದವರಲ್ಲಿ ಹಾಲ್ಡೇನನ ತಂಗಿ ಎಲಿಜಬೆತ್ ಒಬ್ಬಳು. ಆಕೆಯೂ ಹೆಗೆಲನನ್ನು ಅನುವಾದಿಸಿದ ವಿದುಷಿ. ಮತ್ತೊಂದು, ಅದೇ ವರ್ಷ ವಿಶ್ವವಿದ್ಯಾನಿಲಯಗಳಲ್ಲಿಯೂ ಶಾಲೆಗಳಲ್ಲಿಯೂ ಆರಂಭವಾದ ಅಧಿಕಾರಿಗಳ ತರಬೇತಿ ದಳ. ಓದುವ ಹುಡುಗರಲ್ಲಿಯೇ ಮುಂದಿನ ನಾಯಕರನ್ನು ಹುಡುಕುವ ಈ ಪದ್ಧತಿಯೇ ಭಾರತದಲ್ಲಿ ವಿಶ್ವವಿದ್ಯಾನಿಲಯ ತರಬೇತಿ ದಳವೆಂದು ಕಾಣಿಸಿಕೊಂಡಿತು. ಅದರ ಸ್ಥಾನಕ್ಕೆ 1948ರಲ್ಲಿ ನಮ್ಮ ಎನ್.ಸಿ.ಸಿ. ಬಂತು. 1920ರ ಇಂಡಿಯನ್ ಟೆರಿಟೋರಿಯಲ್ ಪಡೆಯ ಕಾನೂನಿಗೂ, 1948ರ ಕಾನೂನಿನಂತೆ ರಚಿತವಾಗಿ 1949ರ ಅಕ್ಟೋಬರ್ 9ರಂದು ರಾಜಾಜಿಯವರಿಂದ ಉದ್ಘಾಟನೆಗೊಂಡ ನಮ್ಮ ಪ್ರಾದೇಶಿಕ ಸೇನೆಗೂ ಹೆಸರು ಬಂದದ್ದು ಆ ಮೂಲದಿಂದಲೇ. ಎನ್.ಸಿ.ಸಿ. ಕವಾಯತು ಮುಗಿಸಿ ಖಾಕಿ ಉಡುಪಿನಲ್ಲಿಯೇ ಹಳಗನ್ನಡದ ತರಗತಿಗೆ ಓಡಿಬರುವ ನನ್ನ ಹುಡುಗರಿಗೆ ಹಾಲ್ಡೇನನ ಹೆಸರು ಗೊತ್ತಿಲ್ಲ. ಪ್ರಾದೇಶಿಕ ಸೇನೆಯೆಂಬುದೊಂದು ಇದೆಯೆಂದೂ ಹಲವರಿಗೆ ಗೊತ್ತಿಲ್ಲ.

1912ರಲ್ಲಿ ಹಾಲ್ಡೇನನು ಯುದ್ಧಖಾತೆಯನ್ನು ಬಿಟ್ಟು ಲಾರ್ಡ್ ಛಾನ್ಸಲರ್ ಪದವಿಗೆ ಏರಿದನು. ಆ ವರ್ಷದ ಫೆಬ್ರವರಿಯಲ್ಲಿ, ಜರ್ಮನ್ ಭಾಷೆಯನ್ನು ಬಲ್ಲವನೆಂದು, ನೌಕಾಬಲದ ಪೈಪೋಟಿಯನ್ನು ತಗ್ಗಿಸುವ ಮಾತುಕತೆಗೆ ಸರಕಾರವೇ ಆತನನ್ನು ಬರ್ಲಿನ್ನಿಗೆ ಕಳುಹಿಸಿತ್ತು. ಸಂಧಾನ ಫಲಿಸಲಿಲ್ಲ. 1914ರ ಆಗಸ್ಟಿನ ಮೊದಲಲ್ಲಿ ಯುದ್ಧ ಬಾಗಿಲಿಗೆ ಬಂದು ನಿಂತಾಗ, ಪ್ರಧಾನಿ ಆಸ್ಕ್ವಿತ್ತನ ಪರವಾಗಿ ಮತ್ತೆ ಯುದ್ಧಖಾತೆಯ ಕಚೇರಿಗೆ ಹೋಗಿ, ಸೈನ್ಯವನ್ನು ಅಣಿಗೊಳಿಸುವ ಆಜ್ಞೆಯನ್ನು ಹೊರಡಿಸಿದವನು ಹಾಲ್ಡೇನನೇ. ತಾನು ಕಟ್ಟಿದ ಯಂತ್ರದ ಕೀಲನ್ನು ತಾನೇ ತಿರುಗಿಸಿದಂತಾಯಿತು. ಎರಡು ವಾರಗಳೊಳಗೆ ಮೊದಲ ಸಾಲಿನ ಸೈನ್ಯ ಫ್ರಾನ್ಸಿನ ನೆಲವನ್ನು ಮುಟ್ಟಿತು.

ಎರಡನೆಯ ಸಾಲಿಗೆ ಮಾತ್ರ ಮೊದಲು ತಾತ್ಸಾರವೇ ಗತಿಯಾಯಿತು. ಹೊಸ ಯುದ್ಧಮಂತ್ರಿ ಕಿಚನರನು ಹರೆಯದಲ್ಲಿ ಫ್ರಾನ್ಸಿನ ಅರೆಕಲಿತ ಪಡೆಗಳ ಪಾಡನ್ನು ಕಂಡಿದ್ದವನು. ಟೆರಿಟೋರಿಯಲ್ ಪಡೆಯೂ ಅಂಥದೇ ಎಂದು ಬಗೆದನು. ಕೌಂಟಿ ಸಂಘಗಳನ್ನು ಬದಿಗೊತ್ತಿ ತನ್ನದೇ ಹೊಸ ಸೈನ್ಯವನ್ನು ಕಟ್ಟಲು ತೊಡಗಿದನು. ಆದರೆ ಹೊಸ ಸೈನ್ಯ ಸಿದ್ಧವಾಗುವವರೆಗೆ ಶತ್ರು ಕಾಯಬೇಕಲ್ಲ! ವಿದೇಶಕ್ಕೆ ಹೋಗುವ ಕಟ್ಟುಪಾಡಿಲ್ಲದ ಟೆರಿಟೋರಿಯಲ್ ಸಿಪಾಯಿಗಳು ಸಾವಿರಗಟ್ಟಲೆಯಾಗಿ ತಾವಾಗಿಯೇ ಒಪ್ಪಿ ಮುಂದೆ ಬಂದರು. ಆ ವರ್ಷದ ಕೊನೆಯೊಳಗೆ ಮೂರು ಡಿವಿಜನ್ನುಗಳು ಭಾರತಕ್ಕೆ ಹಡಗು ಹತ್ತಿದುವು. ಅವರು ಬಂದು ಇಲ್ಲಿನ ಠಾಣ್ಯಗಳನ್ನು ವಹಿಸಿಕೊಂಡದ್ದರಿಂದಲೇ ಇಲ್ಲಿದ್ದ ಖಾಯಂ ಬ್ರಿಟಿಷ್ ಪಡೆಗಳು ಯೂರೋಪಿಗೆ ಹೋಗುವಂತಾಯಿತು. ತಮ್ಮ ಊರು ಕಾಯಲು ಹೆಸರು ಕೊಟ್ಟವರು ನಮ್ಮ ಬಿಸಿಲಿನಲ್ಲಿ ಪಹರೆ ನಿಂತರು.

ಫ್ರಾನ್ಸ್ ಬೆಲ್ಜಿಯಂಗಳ ರಣರಂಗಕ್ಕೆ ಹೋದವರ ಪಾಡು ಬೇರೆ. 1914ರ ಅಕ್ಟೋಬರ್ 31ರಂದು ಮೆಸೀನ್ ಎಂಬಲ್ಲಿ ಲಂಡನ್ ಸ್ಕಾಟಿಷ್ ಎಂಬ ಬೆಟಾಲಿಯನ್ ಜರ್ಮನರನ್ನು ಎದುರಿಸಿತು. ಶತ್ರುವಿನೊಡನೆ ಹೋರಿದ ಟೆರಿಟೋರಿಯಲ್ ಕಾಲ್ದಳಗಳಲ್ಲಿ ಅದೇ ಮೊದಲನೆಯದು. ಲಂಡನ್ನಿನಲ್ಲಿ ನೌಕರಿಯಲ್ಲಿದ್ದ ಸ್ಕಾಟ್ಲೆಂಡಿನ ಹುಡುಗರು ಅವರು. ಕೈಗೆ ಕೊಟ್ಟಿದ್ದ ಕೋವಿಗಳು ಹಳೆಯವು. ಹೊಸ ಮದ್ದುಗುಂಡು ಅವುಗಳಲ್ಲಿ ಸರಿಯಾಗಿ ಕೂರಲಿಲ್ಲ. ಒಂದೊಂದೇ ಗುಂಡನ್ನು ಕೈಯಿಂದ ತುಂಬಿ ಹೊಡೆಯುತ್ತ ಅವರು ಆ ರಾತ್ರಿಯೆಲ್ಲ ನಿಂತರು. ಬೆಳಗಾದ ಮೇಲೆ ಲೆಕ್ಕ ಹಿಡಿದಾಗ ಹೆಚ್ಚುಕಡಮೆ ಅರ್ಧದಷ್ಟು ಮಂದಿ ಸತ್ತೋ ಗಾಯಗೊಂಡೋ ಕಾಣೆಯಾಗಿಯೋ ಹೋಗಿದ್ದರು. ಮೀಸಲು ಪಡೆಗೆ ಹಳೆಯ ಕೋವಿ ಸಾಕೆಂಬ ಉಳಿತಾಯ ಹಾಲ್ಡೇನನ ಕಾಲದ್ದೇ. ಆ ಲೆಕ್ಕದಲ್ಲಿ ಆತನ ಪಾಲೂ ಇದೆಯೆಂದು ಹೇಳದೆ ಬಿಟ್ಟರೆ ಈ ಚರಿತ್ರೆ ಪ್ರಾಮಾಣಿಕವಾಗದು.

ಇತ್ತ ಲಂಡನ್ನಿನಲ್ಲಿ ಹಾಲ್ಡೇನನ ಮೇಲೆ ಬೇರೊಂದು ಯುದ್ಧ ಹೂಡಿದ್ದರು. ಜರ್ಮನಿಯಲ್ಲಿ ಓದಿದವನು, ಜರ್ಮನ್ ತತ್ತ್ವಜ್ಞಾನವನ್ನು ಹೊಗಳಿದವನು, ಕೈಸರನ ಜೊತೆ ಊಟಮಾಡಿದವನು. ಇವನು ದೇಶದ್ರೋಹಿಯಲ್ಲದೆ ಮತ್ತೇನು ಎಂದು ಕೆಲವು ಪತ್ರಿಕೆಗಳು ಕೂಗಿದುವು. ಲೋಟ್ಸೆಯ ಪಾಠದ ಕೊಠಡಿ ತನ್ನ ಆತ್ಮದ ತವರೆಂದು ಹಿಂದೊಮ್ಮೆ ಆತನು ಹೇಳಿದ್ದನ್ನು ತಿರುಚಿ, ಜರ್ಮನಿಯೇ ಅವನ ತವರೆಂದು ಹಬ್ಬಿಸಿದರು. ಆತನು ಕೈಸರನ ಸಹೋದರನೆಂದೂ, ಜರ್ಮನಿಯಲ್ಲಿ ಗುಟ್ಟಾಗಿ ಹೆಂಡತಿಯಿದ್ದಾಳೆಂದೂ, ಸೈನ್ಯದ ರವಾನೆಯನ್ನು ತಡೆಯಲು ಯತ್ನಿಸಿದನೆಂದೂ ಗುಲ್ಲೆದ್ದಿತು. ಪತ್ರಿಕೆಯೊಂದರ ಪ್ರಚೋದನೆಯಿಂದ ಒಂದೇ ದಿನ 2,600 ನಿಂದಾಪತ್ರಗಳು ಬಂದು ಬಿದ್ದುವು. ಬರ್ಲಿನ್ ಸಂಧಾನದ ಕಾಗದಪತ್ರಗಳನ್ನು ಪ್ರಕಟಿಸಿದ್ದರೆ ಸತ್ಯ ಹೊರಬೀಳುತ್ತಿತ್ತು. ಯುದ್ಧಕಾಲದಲ್ಲಿ ಅದು ಸಲ್ಲದೆಂದು ಸರಕಾರ ಸುಮ್ಮನಿತ್ತು, ಆತನೂ ಸುಮ್ಮನಿದ್ದನು. ಸೈನ್ಯ ಯಾರದೋ ಎಂದು ಮಲಗಿದ್ದ ಜನವನ್ನು ಎಬ್ಬಿಸಿ, ಅದು ನಿಮ್ಮದೇ ಎಂದು ವರ್ಷಗಟ್ಟಲೆ ಹೇಳಿದವನ ಮೇಲೆಯೇ, ಎಚ್ಚೆತ್ತ ಜನ ಕಲ್ಲೆತ್ತಿಕೊಂಡಿತು.

1915ರ ಮೇ ತಿಂಗಳಲ್ಲಿ ಸರ್ವಪಕ್ಷಗಳ ಮಂತ್ರಿಮಂಡಲ ಏರ್ಪಟ್ಟಾಗ, ಹಾಲ್ಡೇನನಿದ್ದರೆ ತಾವು ಸೇರುವುದಿಲ್ಲವೆಂದು ವಿರೋಧಪಕ್ಷದವರು ಪಟ್ಟು ಹಿಡಿದರು. ಮೂವತ್ತು ವರ್ಷದ ಗೆಳೆಯ ಆಸ್ಕ್ವಿತ್ ಮಣಿದನು. ಸಾಂತ್ವನದ ಒಂದು ಸಾಲನ್ನೂ ಬರೆಯಲಿಲ್ಲ. ದೊರೆ ಐದನೆಯ ಜಾರ್ಜ್ ಮಾತ್ರ ಆರ್ಡರ್ ಆಫ್ ಮೆರಿಟ್ ಎಂಬ ಗೌರವವನ್ನಿತ್ತು ತನ್ನ ಮನಸ್ಸನ್ನು ತೋರಿಸಿದನು. ಪದವಿ ಬಿಟ್ಟ ಹಾಲ್ಡೇನನು ಯಾರನ್ನೂ ಹಳಿಯಲಿಲ್ಲ. ನ್ಯಾಯಪೀಠದಲ್ಲಿ ಕುಳಿತು ತೀರ್ಪು ಬರೆದನು. ವಯಸ್ಕರ ಶಿಕ್ಷಣಕ್ಕಾಗಿ ದುಡಿದನು. 1921ರಲ್ಲಿ ಸಾಪೇಕ್ಷವಾದದ ಮೇಲೆ ಗ್ರಂಥ ಬರೆದು, ಲಂಡನ್ನಿಗೆ ಬಂದ ಐನ್‌ಸ್ಟೈನರಿಗೆ ಮನೆಯಲ್ಲಿ ಆತಿಥ್ಯವಿತ್ತನು. 1924ರಲ್ಲಿ ಮೊದಲ ಕಾರ್ಮಿಕಪಕ್ಷದ ಸರಕಾರದಲ್ಲಿ ಮತ್ತೆ ಲಾರ್ಡ್ ಛಾನ್ಸಲರನಾದನು. ಮರುವರ್ಷ ತಾಯಿ ನೂರು ತುಂಬಿ ತೀರಿಕೊಂಡಳು. ದಿನದಿನದ ಕಾಗದ ನಿಂತಿತು.

1919ರ ಜುಲೈ 19ರಂದು ಲಂಡನ್ನಿನಲ್ಲಿ ವಿಜಯೋತ್ಸವದ ಮೆರವಣಿಗೆ ನಡೆಯಿತು. ಫೀಲ್ಡ್ ಮಾರ್ಷಲ್ ಹೇಗ್ ಕುದುರೆಯೇರಿ ಸೈನ್ಯದ ಮುಂದೆ ಸಾಗಿದನು. ಬೀದಿಯ ತುಂಬ ಜಯಘೋಷ. ಆ ಹೊತ್ತಿನಲ್ಲಿ ಹಾಲ್ಡೇನನು ತನ್ನ ಮನೆಯ ಓದುವ ಕೋಣೆಯಲ್ಲಿ ಒಬ್ಬನೇ ಕುಳಿತಿದ್ದನು, ಆತನನ್ನು ಕರೆದವರಿರಲಿಲ್ಲ. ಮೆರವಣಿಗೆ ಮುಗಿದ ಮೇಲೆ ಹೇಗ್ ನೇರವಾಗಿ ಆ ಮನೆಗೆ ಬಂದು, ಈ ಸೈನ್ಯವನ್ನು ಸಾಧ್ಯಗೊಳಿಸಿದ್ದಕ್ಕಾಗಿ ವಂದಿಸಿ ಹೋದನು. ಆಮೇಲೆ ತನ್ನ ಯುದ್ಧವರದಿಗಳ ಗ್ರಂಥವನ್ನು ಕಳುಹಿಸಿದಾಗ, ಇಂಗ್ಲೆಂಡು ಕಂಡ ಯುದ್ಧಮಂತ್ರಿಗಳಲ್ಲೆಲ್ಲ ಹಾಲ್ಡೇನನೇ ದೊಡ್ಡವನೆಂಬ ಅರ್ಥದ ಮಾತನ್ನು ಸ್ವಹಸ್ತದಿಂದ ಅದರಲ್ಲಿ ಬರೆದಿದ್ದನು. ಹಾಲ್ಡೇನನು 1928ರ ಆಗಸ್ಟ್ 19ರಂದು ಕ್ಲೋನ್ ಮನೆಯಲ್ಲಿ ತೀರಿಕೊಂಡನು. ವಂಶದ ಹಿರಿಯರ ಬಳಿ, ಗ್ಲೆನೀಗಲ್ಸಿನಲ್ಲಿ, ಆತನನ್ನು ಮಣ್ಣು ಮಾಡಿದರು.